35 ಸಾವಿರದೊಳಗೆ ಎಸ್ಪ್ರೆಸೊ ಮಷೀನ್, ಗ್ರೈಂಡರ್ ಎರಡೂ ಬರುತ್ತಾ?

ಕುವೆಂಪುನಗರದ ಕಾಫಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನಲ್ಲಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ. ಅತ್ತೆಯವರಿಗೆ ಬೆಳಿಗ್ಗೆ ಫಿಲ್ಟರ್ ಡಿಕಾಕ್ಷನ್ನೇ ಆಗಬೇಕು. ಆ ವಿಷಯಕ್ಕೆ ಯಾರೂ ಕೈ ಹಾಕುವುದಿಲ್ಲ. ಎಸ್ಪ್ರೆಸೊ ಬೇಕಾಗಿರುವುದು ನಮ್ಮಿಬ್ಬರಿಗೆ ಮಾತ್ರ. ನನಗೆ ಬೆಳಿಗ್ಗೆ ಒಂದು ಕ್ಯಾಪುಚಿನೊ. ಅವರು ಹಾಲು ಮುಟ್ಟುವುದಿಲ್ಲ, ಬೆಳಿಗ್ಗೆ ಒಂದು, ಸಂಜೆ ಒಂದು ಬರೀ ಎಸ್ಪ್ರೆಸೊ.

ಎಲ್ಲಾ ಸೇರಿ 35 ಸಾವಿರಕ್ಕಿಂತ ಜಾಸ್ತಿ ಆಗಬಾರದು. ಒಂದು ಅಂಗಡಿಗೆ ಹೋಗಿ ಕೇಳಿದೆವು. ಅಲ್ಲಿಯ ಹುಡುಗ ‘15 ಬಾರ್ ಎಲ್ಲಾ ಹಳೇದು ಮೇಡಂ, 20 ಬಾರ್ ತಗೊಳ್ಳಿ, ಪ್ರೆಷರ್ ಜಾಸ್ತಿ ಇದ್ದಷ್ಟೂ ಕಾಫಿ ಸ್ಟ್ರಾಂಗ್’ ಅಂದ. ಗ್ರೈಂಡರ್ ಕೇಳಿದ್ದಕ್ಕೆ ‘ಮನೇಲಿ ಮಿಕ್ಸಿ ಇಲ್ವಾ?’ ಅಂತ ನಕ್ಕ. ನಿಜವಾಗಲೂ ಮಿಕ್ಸಿಯಲ್ಲಿ ಆಗುತ್ತಾ? ಇನ್ನೊಂದು ವಿಷಯ, ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ಬರುತ್ತಾನೆ. ಅಲ್ಲಿ ಮಷೀನ್ ಅಗ್ಗವಂತೆ. ಅವನ ಕೈಲಿ ತರಿಸಲಾ?

ಡಿಕಾಕ್ಷನ್ ಪ್ರಿಯ:

ಅಕ್ಕಾ, ನಿಮ್ಮ ಅತ್ತೆಯವರೇ ಸರಿ. 😄

ತಮಾಷೆ ಬಿಡಿ. ಒಂದು ಮೋಕಾ ಪಾಟ್ ತಗೊಂಡು ನೋಡಿ. ಗ್ಯಾಸ್ ಒಲೆ ಮೇಲೆ ಇಟ್ಟರೆ ಆಯಿತು. ಬಿಯಾಲೆಟ್ಟಿಯವರು 1933ರಲ್ಲಿ ಮಾಡಿದ್ದು, ಇವತ್ತಿಗೂ ಇಟಲಿಯ ಮನೆಗಳಲ್ಲಿ ಅದೇ ಓಡುತ್ತಿದೆ. ಕರೆಂಟ್ ಬೇಡ, ರಿಪೇರಿ ಬೇಡ, ಎರಡು ಮೂರು ವರ್ಷಕ್ಕೊಮ್ಮೆ ರಬ್ಬರ್ ಬದಲಾಯಿಸಿದರೆ ಸಾಕು. ಮಿಕ್ಕ ದುಡ್ಡಿಗೆ ಒಳ್ಳೆ ಬೀಜ ಕುಡೀರಿ.

ಸ್ಪ್ಯಾನರ್ ಸ್ವಾಮಿ:

ಮೇಡಂ, ನಾನು ಬೆಂಗಳೂರಿನಲ್ಲಿ ಕಾಫಿ ಮಷೀನ್ ರಿಪೇರಿ ಮಾಡುವವನು. ಹೋಟೆಲ್, ಕೆಫೆಯವೇ ಜಾಸ್ತಿ. ಈಚೆಗೆ ಮನೆಯ ಮಷೀನ್‌ಗಳೂ ಬೆಂಚಿಗೆ ಬರುತ್ತಿವೆ. ನಾನು ಏನನ್ನೂ ಮಾರುವುದಿಲ್ಲ, ಹಾಗಾಗಿ ಯಾವ ಕಂಪನಿ ಬಗ್ಗೆಯೂ ನನಗೆ ಮುಲಾಜಿಲ್ಲ.

ಮೋಕಾ ಪಾಟ್ ಒಳ್ಳೆಯದೇ. ಆದರೆ ಅದರೊಳಗೆ ಹುಟ್ಟುವುದು ಒಂದೂವರೆ ಬಾರ್ ಆಸುಪಾಸಿನ ಒತ್ತಡ. ನಿಮ್ಮ ಯಜಮಾನರು ಹಾಲಿಲ್ಲದೆ ಕುಡಿಯುವವರು. ಅವರು ಕೇಳುತ್ತಿರುವ ಮಂದವಾದ ಕಾಫಿ, ಮೇಲಿನ ಆ ಕಂದು ನೊರೆ ಅದರಲ್ಲಿ ಬರುವುದಿಲ್ಲ.

ಅಂಗಡಿ ಹುಡುಗನ ಬಾರ್ ಲೆಕ್ಕವನ್ನು ಮೊದಲು ಮರೆತುಬಿಡಿ. ಎಸ್ಪ್ರೆಸೊಗೆ ಪುಡಿಯ ಮೇಲೆ ಬೇಕಾಗಿರುವುದು 9 ಬಾರ್ ಅಷ್ಟೇ. ಡಬ್ಬದ ಮೇಲಿನ 15, 20 ಎಲ್ಲಾ ಪಂಪಿನ ಗರಿಷ್ಠ ತಾಕತ್ತು, ನೀರು ಹೊರಗೆ ಹೋಗುವ ದಾರಿ ಮುಚ್ಚಿದಾಗ ಎಷ್ಟು ಒತ್ತಬಲ್ಲದು ಅನ್ನುವ ನಂಬರ್. ಒಳಗೆ ಬಿಚ್ಚಿ ನೋಡಿದರೆ ಎರಡರಲ್ಲೂ ಇರುವುದು ಅಂಗೈಯಲ್ಲಿ ಹಿಡಿಯುವಂಥ ವೈಬ್ರೇಶನ್ ಪಂಪೇ. ಒಳ್ಳೆ ಮಷೀನಿನಲ್ಲಿ ಹೆಚ್ಚಿನ ಒತ್ತಡವನ್ನು ವಾಪಸ್ ಬಿಡುವುದಕ್ಕೆ ಒಂದು ಸ್ಪ್ರಿಂಗ್ ವಾಲ್ವ್ ಇರುತ್ತದೆ. ಅಂದರೆ ದುಡ್ಡು ಜಾಸ್ತಿ ಕೊಟ್ಟವರಿಗೆ ಸಿಗುವುದು ಕಡಿಮೆ ಬಾರ್!

ಈಗ ಮಿಕ್ಸಿ. ಮಿಕ್ಸಿ ಬ್ಲೇಡು ಬೀಜವನ್ನು ಚಚ್ಚುತ್ತದೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಒತ್ತಡದಲ್ಲಿ ಬಂದ ನೀರು ನುಚ್ಚಿರುವ ಕಡೆ ಸುಲಭವಾಗಿ ನುಗ್ಗಿ ಹೋಗುತ್ತದೆ, ಹಿಟ್ಟಿರುವ ಕಡೆ ನಿಲ್ಲುತ್ತದೆ. ಒಂದೇ ಲೋಟದಲ್ಲಿ ಹುಳಿಯೂ ಕಹಿಯೂ ಬರುವುದು ಇದಕ್ಕೇ. ಹಾಗಿದ್ದರೆ ಅಗ್ಗದ ಮಷೀನಿನವರು ಹೇಗೆ ಸಂಭಾಳಿಸುತ್ತಾರೆ? ಅವುಗಳ ಜೊತೆ ಬರುವ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲು, ಬೇರೆ ಥರದ್ದು. ಎರಡು ತಳ, ಹೊರತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತು. ಪುಡಿ ಹೇಗೇ ಇರಲಿ, ಆ ತೂತೇ ಒತ್ತಡ ಕಟ್ಟುತ್ತದೆ, ನೊರೆಯನ್ನೂ ಅದೇ ಎಬ್ಬಿಸುತ್ತದೆ. ಕಣ್ಣಿಗೆ ಚೆನ್ನಾಗಿರುತ್ತದೆ, ನಾಲಿಗೆಗೆ ಅಷ್ಟಕ್ಕಷ್ಟೇ.

ಹಾಗಾಗಿ ನಿಮ್ಮ ಮುಂದೆ ಎರಡು ದಾರಿ. ಒಂದು, ಆ ಒಂದು ತೂತಿನ ಬಾಸ್ಕೆಟ್ ಸಾಕು ಅಂತ ಒಪ್ಪಿ, ಹತ್ತು ಹದಿನೈದು ಸಾವಿರದ ಮಷೀನ್ ತಂದು, ಅಂಗಡಿಯಲ್ಲೇ ನುಣ್ಣಗೆ ಪುಡಿ ಮಾಡಿಸಿಕೊಂಡು ಬರುವುದು. ನೀವು ಕುಡಿಯುವ ಕ್ಯಾಪುಚಿನೊಗೆ ಅದು ಧಾರಾಳ ಸಾಕು. ಎರಡು, ತಳದ ತುಂಬಾ ತೂತಿರುವ ಮಾಮೂಲಿ ಬಾಸ್ಕೆಟ್ ಮತ್ತು ಸರಿಯಾದ ಗ್ರೈಂಡರ್. ಬರೀ ಕಾಫಿ ಕುಡಿಯುವವರಿಗೆ ಎರಡನೆಯದೇ. ಇವೆರಡರ ನಡುವೆ, ಅಂದರೆ 30 ಸಾವಿರದ ಮಷೀನ್ ತಂದು ಮಿಕ್ಸಿ ಪುಡಿ ಹಾಕುವುದರಲ್ಲಿ ದುಡ್ಡು ಸುಮ್ನೆ ದಂಡ. ‘ಮಷೀನ್ ಸರಿ ಇಲ್ಲ’ ಅಂತ ನನ್ನ ಹತ್ತಿರ ತರುವವರಲ್ಲಿ ಎಷ್ಟೋ ಜನರ ಮಷೀನ್ ಸರಿಯಾಗೇ ಇರುತ್ತದೆ, ಪುಡಿ ಸರಿ ಇರುವುದಿಲ್ಲ.

ಗ್ರೈಂಡರ್ ಮೊದಲು ಆರಿಸಿ. ನಿಮ್ಮ ಬಜೆಟ್‌ನಲ್ಲಿ ಕರೆಂಟಿನ ಗ್ರೈಂಡರ್ ಆಸೆ ಬಿಡಿ, ಕೈಯಲ್ಲಿ ತಿರುಗಿಸುವುದೇ ಆಗಬೇಕು. ದಿನಕ್ಕೆ ಮೂರು ಕಪ್ ತಾನೇ, ಕೈ ಬಿದ್ದು ಹೋಗಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲರೂ ಟೈಮ್‌ಮೋರ್ ಸಿ2 ಅನ್ನುತ್ತಾರೆ. ಪೌರ್ ಓವರ್, ಫ್ರೆಂಚ್ ಪ್ರೆಸ್‌ನಂಥ ತರಿ ಪುಡಿಯ ಕಾಫಿಗೆ ಅದು ಚೆನ್ನ. ಎಸ್ಪ್ರೆಸೊಗೆ ಪುಡಿಯ ಹದ ಬದಲಾಯಿಸುವ ಅದರ ಒಂದೊಂದು ಕ್ಲಿಕ್ಕೂ ತುಂಬಾ ದೊಡ್ಡ ಹೆಜ್ಜೆ. ಒಂದು ಕ್ಲಿಕ್ಕಿಗೆ ಕಾಫಿ ನೀರಿನ ಹಾಗೆ ಸುರಿಯುತ್ತದೆ, ಪಕ್ಕದ ಕ್ಲಿಕ್ಕಿಗೆ ತೊಟ್ಟೂ ಬೀಳುವುದಿಲ್ಲ. ಅದೇ ಕಂಪನಿಯ ಸಿ3 ಇಎಸ್‌ಪಿ ಇದಕ್ಕೆಂದೇ ಸಣ್ಣ ಹೆಜ್ಜೆ ಇಟ್ಟು ಮಾಡಿದ್ದು. ಕಿನ್‌ಗ್ರೈಂಡರ್ ಕೆ6 ಇನ್ನೂ ವಾಸಿ. 48 ಮಿ.ಮೀ. ಬರ್ (ಬೀಜ ಅರೆಯುವ ಹಲ್ಲು), ಒಂದು ಕ್ಲಿಕ್ಕಿಗೆ 16 ಮೈಕ್ರಾನ್, ಹದ ಬದಲಾಯಿಸುವ ರಿಂಗ್ ಹೊರಗಡೆಯೇ ಇದೆ. ನಾನಾದರೆ ಅದನ್ನೇ ತಗೊಳ್ಳುತ್ತೇನೆ.

ಇನ್ನು ಮಷೀನ್. ಹೊಸದು ಅಂದರೆ ಡೆಲಾಂಗಿ ಡೆಡಿಕಾ. 15 ಸೆಂ.ಮೀ. ಅಗಲ ಅಷ್ಟೇ, ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ ನಿಲ್ಲುತ್ತದೆ. ಒಳಗೆ ಥರ್ಮೋಬ್ಲಾಕ್, ಅಂದರೆ ನೀರು ಹರಿಯುವಾಗಲೇ ಕಾಯಿಸುವ ಹೀಟರ್, ಒಂದು ನಿಮಿಷದೊಳಗೆ ಕಾಯುತ್ತದೆ. ಜೊತೆಗೆ ಬರುವುದು ನಾನು ಹೇಳಿದ ಆ ಒಂದು ತೂತಿನ ಬಾಸ್ಕೆಟ್ಟೇ. 51 ಮಿ.ಮೀ.ನ ಮಾಮೂಲಿ ಬಾಸ್ಕೆಟ್ ಬೇರೆ ತಗೊಂಡು ಹಾಕಿಕೊಳ್ಳಬೇಕು. ಮಷೀನ್ ಹಗುರ, ಬಾಸ್ಕೆಟ್ ಕೂರಿಸಿದ ಹ್ಯಾಂಡಲ್ ತಿರುಗಿಸುವಾಗ ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ.

ಮನಸ್ಸಿಗೆ ಹಿಡಿಸುವುದು ಗಾಜಿಯಾ ಕ್ಲಾಸಿಕ್. ಅದರ ಬಾಸ್ಕೆಟ್ 58 ಮಿ.ಮೀ., ಅಂದರೆ ಕೆಫೆ ಅಳತೆ. ಬಾಸ್ಕೆಟ್, ಪುಡಿ ಒತ್ತುವ ಟ್ಯಾಂಪರ್ ಎಲ್ಲಾ ಸುಲಭವಾಗಿ ಸಿಗುತ್ತದೆ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಬಾಯ್ಲರ್, ಪಂಪ್, ಥರ್ಮೋಸ್ಟಾಟ್ ಎಲ್ಲಾ ಕಣ್ಣೆದುರಿಗೆ. ಮೂವತ್ತು ವರ್ಷದಿಂದ ಹೆಚ್ಚುಕಡಿಮೆ ಅದೇ ಮಷೀನನ್ನು ಮಾಡಿಕೊಂಡು ಬಂದಿದ್ದಾರೆ. ಹೊಸದು ನಿಮ್ಮ ಬಜೆಟ್‌ಗೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಿ.

ನ್ಯೂಜೆರ್ಸಿಯಿಂದ ಮಷೀನ್ ಮಾತ್ರ ಬೇಡವೇ ಬೇಡ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಹೀಟರೇ ಸಾವಿರದ ಮುನ್ನೂರು ವಾಟ್ ಎಳೆಯುತ್ತದೆ. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಮಷೀನಿಗಿಂತ ಭಾರ ಇರುತ್ತದೆ. ಯಾರೋ ಒಬ್ಬರು ಹಾಗೇ ನೇರವಾಗಿ ಪ್ಲಗ್ ಹಾಕಿ ನನ್ನ ಹತ್ತಿರ ತಂದಿದ್ದರು, ವಾಸನೆಯಲ್ಲೇ ಗೊತ್ತಾಯಿತು. ತಮ್ಮನ ಕೈಲಿ ಕೈ ಗ್ರೈಂಡರ್ ತರಿಸಿ. ಅದಕ್ಕೆ ವೋಲ್ಟೂ ಇಲ್ಲ, ವಾಟೂ ಇಲ್ಲ.

ಇಲ್ಲೂ ಪ್ಲಗ್ಗನ್ನು ಮಿಕ್ಸಿ, ಓವನ್ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ, ದೊಡ್ಡ ಪವರ್ ಪಾಯಿಂಟ್‌ಗೆ ಹಾಕಿ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡಿಸಬೇಡಿ.

ಸಕಲೇಶಪುರದ ಹುಡುಗ:

ಸ್ವಾಮಿಯವರು ಬೀಜದ ವಿಷಯ ಬಿಟ್ಟಿದ್ದಾರೆ, ಅದು ನಂದು.

ಅಕ್ಕ, ಮಾಮೂಲಿ ಫಿಲ್ಟರ್ ಕಾಫಿ ಪುಡಿಯಲ್ಲಿ ಚಿಕೋರಿ ಇರುತ್ತದೆ. ಅದನ್ನು ಎಸ್ಪ್ರೆಸೊ ಮಷೀನಿಗೆ ಹಾಕಬೇಡಿ. ಚಿಕೋರಿ ನೀರಲ್ಲಿ ಕರಗಿ ಅಂಟಾಗುತ್ತದೆ, ಬಾಸ್ಕೆಟ್ ಕಟ್ಟಿಕೊಳ್ಳುತ್ತದೆ. ಕಾಫಿ ಅಂಗಡಿಯಲ್ಲಿ ‘ಚಿಕೋರಿ ಬೇಡ, ಪುಡಿ ಬೇಡ, ಹುರಿದ ಬೀಜ ಕೊಡಿ’ ಅಂತ ಕೇಳಿ. ಯಾವಾಗ ಹುರಿದಿದ್ದು ಅಂತಲೂ ಕೇಳಿ. ಹುರಿದ ದಿನವೇ ಹಾಕಿದರೆ ಗ್ಯಾಸ್ ಜಾಸ್ತಿ, ಬರೀ ನೊರೆ ಬರುತ್ತದೆ. ಒಂದು ವಾರ ಬಿಟ್ಟು ಶುರು ಮಾಡಿ, ಒಂದೂವರೆ ತಿಂಗಳೊಳಗೆ ಮುಗಿಸಿ. ಕಾಲು ಕಿಲೋ ಕಾಲು ಕಿಲೋನೇ ತನ್ನಿ.

ಅಂಗಡಿಯವರು ಪ್ಲಾಂಟೇಶನ್ ಅಂದರೆ ತೊಳೆದ ಅರೇಬಿಕಾ. ಪಾರ್ಚ್‌ಮೆಂಟ್ ಅಂದರೆ ತೊಳೆದ ರೊಬಸ್ಟಾ. ಚೆರಿ ಅಂದರೆ ಹಣ್ಣಿನ ಸಮೇತ ಒಣಗಿಸಿದ್ದು. ನಾವು ಮನೆಯಲ್ಲಿ ಪ್ಲಾಂಟೇಶನ್ ಮುಕ್ಕಾಲು, ರೊಬಸ್ಟಾ ಪಾರ್ಚ್‌ಮೆಂಟ್ ಕಾಲು ಬೆರೆಸುತ್ತೇವೆ. ‘100 ಪರ್ಸೆಂಟ್ ಅರೇಬಿಕಾ’ ಅಂತ ಬರೆದಿದ್ದರೆ ಮಾತ್ರ ಒಳ್ಳೆಯದು ಅಂತ ಏನೂ ಇಲ್ಲ. ನೊರೆ ದಪ್ಪ ಬರುವುದೇ ರೊಬಸ್ಟಾದಿಂದ. ನಮ್ಮ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶ ಇಟಲಿ. ಅಲ್ಲಿಯ ಎಸ್ಪ್ರೆಸೊ ಬ್ಲೆಂಡ್‌ಗಳಿಗೆ ಇಲ್ಲಿಯ ತೊಳೆದ ರೊಬಸ್ಟಾ ಹೋಗುತ್ತದೆ. ಅದರಲ್ಲಿ ಮೇಲಿನ ದರ್ಜೆಯದಕ್ಕೆ ಕಾಪಿ ರಾಯಲ್ ಅಂತಲೇ ಹೆಸರಿದೆ. ಅವರು ಹಡಗಿನಲ್ಲಿ ತರಿಸಿಕೊಂಡು ಕುಡಿಯುವಾಗ ನಾವು ಇಲ್ಲಿ ಮೂಗು ಮುರಿಯುವುದು ಯಾಕೆ?

ಕುವೆಂಪುನಗರದ ಕಾಫಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆ6 ತರುವುದಕ್ಕೆ ತಮ್ಮನಿಗೆ ಹೇಳಿದ್ದಾಯಿತು. ಬೆಂಗಳೂರಿನಲ್ಲಿ ಒಬ್ಬರು ನಾಲ್ಕು ವರ್ಷ ಹಳೆಯ ಗಾಜಿಯಾ ಕ್ಲಾಸಿಕ್ 22 ಸಾವಿರಕ್ಕೆ ಕೊಡುತ್ತಾರಂತೆ. ಭಾನುವಾರ ನೋಡುವುದಕ್ಕೆ ಹೋಗುತ್ತಿದ್ದೇವೆ. ಏನೇನು ನೋಡಬೇಕು ಸ್ವಾಮಿಯವರೇ? ನಮ್ಮನೆಗೆ ಕಾವೇರಿ ನೀರು ಬರುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ನೀರೂ ಸೇರುತ್ತದೆ. ಹಾಲು ಕಾಯಿಸಿ ಆರಿಸಿದ್ದನ್ನೇ ಹಾಕಬಹುದಾ?

ಸ್ಪ್ಯಾನರ್ ಸ್ವಾಮಿ:

ಮೊದಲು ಮಷೀನನ್ನು ವಾಲಿಸಿ ತಳದ ಸ್ಟಿಕ್ಕರ್ ಓದಿ. 230 ವೋಲ್ಟ್ ಅಂತ ಇರಬೇಕು. ನಿಮ್ಮ ತಮ್ಮನಂಥವರು ತಂದ 120 ವೋಲ್ಟಿನವೂ ಇಲ್ಲಿ ಓಡಾಡುತ್ತಿವೆ. 120 ಇದ್ದರೆ ಕಾಫಿ ಕೂಡ ಕುಡಿಯದೆ ಎದ್ದು ಬನ್ನಿ.

ಹೋಗುವ ಮೊದಲೇ ಅವರಿಗೆ ಫೋನ್ ಮಾಡಿ, ಮಷೀನ್ ಆನ್ ಮಾಡಬೇಡಿ, ನಾವು ಬಂದ ಮೇಲೆ ಮಾಡೋಣ ಅನ್ನಿ. ಮೊದಲೇ ಕಾದಿದ್ದರೆ ಸೋರಿಕೆ ಎಲ್ಲಾ ಒರೆಸಿ ಇಟ್ಟಿರುತ್ತಾರೆ. ಆನ್ ಮಾಡಿ ಹದಿನೈದು ನಿಮಿಷ ಕಾಯಿರಿ. ಆ ಹ್ಯಾಂಡಲ್ ಕೂರುವ ಭಾಗ ದಪ್ಪ ಹಿತ್ತಾಳೆ, ಅದು ಬಿಸಿಯಾಗುವುದಕ್ಕೆ ಅಷ್ಟು ಹೊತ್ತು ಬೇಕು. ಆಮೇಲೆ ಹ್ಯಾಂಡಲ್ ಇಲ್ಲದೆ ನೀರು ಬಿಡಿ. ಶವರ್ ಹಾಗೆ ಸುತ್ತಲೂ ಸಮನಾಗಿ ಬಿದ್ದರೆ ಸರಿ. ಒಂದೇ ಕಡೆ ಬಿದ್ದರೆ ಜಾಲರಿ ಕಟ್ಟಿದೆ, ಬಿಚ್ಚಿ ತೊಳೆದರೆ ಹೋಗುತ್ತದೆ. ಹ್ಯಾಂಡಲ್ ಅಂಚಿನಲ್ಲಿ ಸೋರಿದರೆ ಗ್ಯಾಸ್ಕೆಟ್ ರಬ್ಬರ್ ಗಟ್ಟಿಯಾಗಿದೆ, ಅದೂ ಸಣ್ಣ ಖರ್ಚು. ಸ್ಟೀಮ್ ನಾಬ್ ಪೂರ್ತಿ ಮುಚ್ಚಿದ ಮೇಲೂ ಪೈಪ್ ತೊಟ್ಟಿಕ್ಕುತ್ತಿದ್ದರೆ ವಾಲ್ವ್ ಹೋಗಿದೆ, ಎರಡು ಸಾವಿರ ಕಡಿಮೆ ಮಾಡಿ ಅನ್ನಿ. ಆನ್ ಮಾಡಿದ ತಕ್ಷಣ ಮನೆಯ ಟ್ರಿಪ್ಪರ್ ಬಿದ್ದರೆ ಹೀಟರ್ ಬಾಡಿಗೆ ಲೀಕ್ ಕೊಡುತ್ತಿದೆ. ಅದು ಬಾಯ್ಲರ್ ಬದಲಾಯಿಸುವ ಕೆಲಸ, ಬಿಟ್ಟುಬಿಡಿ. ಕೊನೆಗೆ ಟ್ಯಾಂಕ್ ತೆಗೆದು ಅದರೊಳಗಿನ ಎರಡು ಪೈಪಿನ ಬಣ್ಣ ನೋಡಿ. ಹಸಿರುಗಟ್ಟಿದ್ದರೆ, ಬಿಳಿ ಚಕ್ಕೆ ಇದ್ದರೆ ಬಾಯ್ಲರ್ ಒಳಗೂ ಹಾಗೇ ಇದೆ ಅಂತ ಲೆಕ್ಕ.

ನೀರಿನ ವಿಷಯ ನಿಮ್ಮ ಬಿಸಿನೀರಿನ ಪಾತ್ರೆಯ ತಳವೇ ಹೇಳುತ್ತದೆ. ಬಿಳಿ ಪೊರೆ ಕಟ್ಟುತ್ತಿದ್ದರೆ ಆ ನೀರು ಮಷೀನಿಗೆ ಬೇಡ. ಬರೀ ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆ ಆಗುತ್ತದೆ. ಆರ್‌ಒ ಮುಕ್ಕಾಲು, ಕಾವೇರಿ ಕಾಲು ಬೆರೆಸಿ. ಬೋರ್‌ವೆಲ್ ನೀರು ಬರುವ ತಿಂಗಳುಗಳಲ್ಲಿ ಆ ಕಾಲು ಭಾಗವನ್ನೂ ಇನ್ನಷ್ಟು ಇಳಿಸಿ. ಡಿಸ್ಕೇಲ್ ಮಾಡುವುದಕ್ಕೆ, ಅಂದರೆ ಆ ಬಿಳಿ ಪೊರೆ ತೆಗೆಯುವುದಕ್ಕೆ, ವಿನೆಗರ್ ಸುರಿಯಬೇಡಿ. ಕಾಫಿ ಮಷೀನಿಗೆ ಅಂತಲೇ ಪುಡಿ ಸಿಗುತ್ತದೆ.

ಹಾಲು ಕಾಯಿಸಿದ್ದು ಬೇಡ. ಕೆನೆಯ ಚೂರು ಸ್ಟೀಮ್ ತೂತಿಗೆ ಸಿಕ್ಕಿಕೊಳ್ಳುತ್ತದೆ, ನೊರೆಯೂ ಒರಟು. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ ತಾನೇ, ಫ್ರಿಜ್‌ನಿಂದ ತೆಗೆದು ತಣ್ಣಗೇ ಜಗ್ಗಿಗೆ ಹಾಕಿ. ಜಗ್ ಮುಟ್ಟಲಾಗದಷ್ಟು ಬಿಸಿಯಾದಾಗ ನಿಲ್ಲಿಸಿ, ಸುಮಾರು 60 ಡಿಗ್ರಿ. ನಿಮ್ಮ ಕಾಫಿಯನ್ನು ಮೊದಲು ತೆಗೆದು ಆಮೇಲೆ ಸ್ಟೀಮ್ ಸ್ವಿಚ್ ಒತ್ತಿ, ಒಂದೇ ಬಾಯ್ಲರ್ ಅಲ್ವಾ. ಸ್ಟೀಮ್ ಮುಗಿದ ಮೇಲೆ ಸ್ವಲ್ಪ ನೀರು ಬಿಟ್ಟು ಬಾಯ್ಲರ್ ತುಂಬಿಸಿ, ಖಾಲಿ ಬಾಯ್ಲರ್ ಕಾದರೆ ಹೀಟರ್ ಸುಡುತ್ತದೆ. ಮನೆಯ ಗಾಜಿಯಾಗಳು ನನ್ನ ಬೆಂಚಿಗೆ ಬರುವ ದೊಡ್ಡ ಕಾರಣ ಇದೇ.

ಕೆ6ಗೆ ಹತ್ತು ಸಾವಿರ ಅಂತ ಇಟ್ಟುಕೊಂಡರೂ ನಿಮಗೆ ಮೂರು ಸಾವಿರ ಉಳಿಯುತ್ತದೆ. ಅದರಲ್ಲಿ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ತಗೊಳ್ಳಿ, 58 ಮಿ.ಮೀ. ಸ್ಟೀಲ್ ಟ್ಯಾಂಪರ್ ತಗೊಳ್ಳಿ. ಜೊತೆಗೆ ಬರುವ ಪ್ಲಾಸ್ಟಿಕ್ಕಿನದು ಉಪಯೋಗವಿಲ್ಲ. ಶುರುವಿಗೆ 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಬೇಗ ಸುರಿದರೆ ಪುಡಿ ಇನ್ನೂ ನುಣ್ಣಗೆ, ತಡವಾದರೆ ಸ್ವಲ್ಪ ತರಿ. ತೂಕ ಬದಲಾಯಿಸಬೇಡಿ, ರಿಂಗ್ ಮಾತ್ರ ತಿರುಗಿಸಿ.

ಸ್ಟಿಕ್ಕರ್‌ನ ಫೋಟೊ ಇಲ್ಲಿ ಹಾಕಿ, ದುಡ್ಡು ಕೊಡುವ ಮೊದಲು ನೋಡಿ ಹೇಳುತ್ತೇನೆ. ಭಾನುವಾರ ಫೋನ್ ಕೈಯಲ್ಲೇ ಇರುತ್ತದೆ.