ಅಪ್‌ಡೇಟ್: ಡ್ರಮ್ ಕೇಬಲ್ ಬಿಸಿಯಾಗುತ್ತಿದ್ದ ವಿಷಯ

ಹೀಟರ್ ಹಾಕಿದರೆ ಡ್ರಮ್ ಕೇಬಲ್ (ಚಕ್ರಕ್ಕೆ ಸುತ್ತಿಡುವ ಉದ್ದನೆಯ ಎಕ್ಸ್‌ಟೆನ್ಶನ್ ವೈರ್) ಕೈ ಇಡಲಾಗದಷ್ಟು ಬಿಸಿಯಾಗುತ್ತೆ ಅಂತ ಕೇಳಿದ್ದೆ ಅಲ್ವಾ, ಬಗೆಹರಿಯಿತು. ಪ್ಲಗ್ ಬದಲಿಸಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ‘ಕೇಬಲ್ ಪೂರ್ತಿ ಬಿಚ್ಚಿ’ ಅಂದವರ ಮಾತೇ ಸರಿ. ಡ್ರಮ್‌ನ ಬದಿಯ ಲೇಬಲ್‌ನಲ್ಲಿ ಎರಡು ಅಂಕಿ ಇವೆ: ಸುತ್ತಿದ್ದಾಗ 1000 ವ್ಯಾಟ್, ಬಿಚ್ಚಿದಾಗ 3000. ನನ್ನ ಹೀಟರ್ 2000 ವ್ಯಾಟ್‌ದು! ಸುತ್ತಿದ ಕೇಬಲ್‌ನ ಬಿಸಿ ಹೊರಗೆ ಹೋಗಲ್ಲ, ಒಳಸುತ್ತುಗಳೇ ಜಾಸ್ತಿ ಕಾಯುತ್ತವೆ. ಈಗ ಬಿಚ್ಚಿ ಹಾಸಿದ್ದೇನೆ, ಮುಟ್ಟಿದರೆ ಸ್ವಲ್ಪ ಬೆಚ್ಚಗೆ, ಅಷ್ಟೇ.

ಇನ್ನೊಂದು ಹೊಸ ವಿಷಯ. ಕೇಬಲ್ ಮೇಲೆ ಅಚ್ಚಾಗಿರುವ 300/500 ವೋಲ್ಟ್‌ನಲ್ಲಿ ಮೊದಲನೆಯದು ತಂತಿಗೂ ಅರ್ತ್‌ಗೂ ನಡುವೆ ಇರಬಹುದಾದ ವೋಲ್ಟೇಜ್‌ನ ಮಿತಿ, ಎರಡನೆಯದು ತಂತಿ ತಂತಿಗಳ ನಡುವಿನ ಮಿತಿ. ಎಷ್ಟು ಆಂಪಿಯರ್ ಹೊರುತ್ತೆ ಅನ್ನೋದು ಇದರಿಂದ ಗೊತ್ತಾಗಲ್ಲ. ಅದಕ್ಕೆ ಪಕ್ಕದ 3×1.5 ನೋಡಬೇಕು, ಅಂದರೆ ಮೂರು ತಂತಿ, ಒಂದೊಂದರ ದಪ್ಪ (ಅಡ್ಡ ಕತ್ತರಿಸಿದರೆ ಕಾಣುವ ವಿಸ್ತೀರ್ಣ) 1.5 ಚದರ ಮಿಲಿಮೀಟರ್.