ಹಳೆಯ ವಿಡಿಯೋ ಗೇಮ್ ಲೋಗೋ ಥರ ಅಕ್ಷರ ಬರೆಯುವುದು ಹೇಗೆ? ಡಿಸೈನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ತೆ. 1991ರ ಸ್ಟ್ರೀಟ್ ಫೈಟರ್ 2 ಲೋಗೋ ಇದೆಯಲ್ಲ, ಹಳದಿಯಿಂದ ಕೆಂಪಿಗೆ ಇಳಿಯುವ ದಪ್ಪ ಅಕ್ಷರ. ಆ ಥರ ನಮ್ಮ ಗೇಮಿಂಗ್ ತಂಡದ ಹೆಸರು ಬರೆಯಬೇಕು. ಜಿಂಪ್ ಅನ್ನೋ ಉಚಿತ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದು ದಪ್ಪ ಫಾಂಟ್ ತಗೊಂಡು ಗ್ರೇಡಿಯಂಟ್ (ಒಂದು ಬಣ್ಣ ನಿಧಾನವಾಗಿ ಇನ್ನೊಂದಾಗುವುದು) ತುಂಬಿದೆ. ತುಂಬಾ ಸಪ್ಪೆಯಾಗಿ ಕಾಣುತ್ತಿದೆ. ಇದಕ್ಕೆ ಸರಿಯಾದ ಫಾಂಟ್ ಯಾವುದು?

ಉತ್ತರ: ನಮಸ್ತೆ. ಫಾಂಟ್ ಹುಡುಕುವುದನ್ನು ಇಲ್ಲಿಗೇ ನಿಲ್ಲಿಸಿ. ಆ ಕಾಲದ ಒಳ್ಳೆಯ ಲೋಗೋಗಳಲ್ಲಿ ಎಷ್ಟೋ ಕೈಯಲ್ಲೇ ಬರೆದಂಥವು. ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಮೊದಲ ಅಕ್ಷರ ಅಥವಾ ಕೊನೆಯದು ಉಳಿದವಕ್ಕಿಂತ ದೊಡ್ಡದಿರುತ್ತದೆ. ಒಂದರ ತುದಿ ಪಕ್ಕದ್ದರ ಖಾಲಿ ಜಾಗಕ್ಕೆ ನುಗ್ಗಿರುತ್ತದೆ. ಒಂದೇ ಅಕ್ಷರ ಎರಡು ಸಲ ಬಂದರೂ ಎರಡೂ ಒಂದೇ ಥರ ಇರುವುದಿಲ್ಲ. ಆ ಬಿಗಿ ಗ್ರೇಡಿಯಂಟ್‌ನಿಂದ ಬರುವುದಿಲ್ಲ, ಆಕಾರದಿಂದಲೇ ಬರಬೇಕು.

ಹಾಗಾಗಿ ನಿಮ್ಮ ಫಾಂಟನ್ನು ಬರೀ ಅಡಿಪಾಯ ಅಂತ ಇಟ್ಟುಕೊಳ್ಳಿ. ಟೆಕ್ಸ್ಟ್ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ಪಾತ್ ಆಗಿ, ಅಂದರೆ ಎಳೆದು ತಿದ್ದಬಹುದಾದ ಗೆರೆಯಾಗಿ ಬದಲಾಯಿಸಿ. ಆಮೇಲೆ ಆ ಗೆರೆಯ ಮೇಲಿನ ಒಂದೊಂದೇ ನೋಡ್ (ಚುಕ್ಕಿ) ಹಿಡಿದು ಎಳೆಯಿರಿ. ಅಂಚುಗಳನ್ನು ಚೂಪು ಮಾಡಿ, ಅಕ್ಷರಗಳ ನಡುವಿನ ಸಂದು ಮುಚ್ಚಿ. ಬಣ್ಣ ಇನ್ನೂ ಬೇಡ. ಬರೀ ಕಪ್ಪಿನಲ್ಲಿ ನೋಡಿದಾಗಲೇ ಚೆನ್ನಾಗಿರಬೇಕು. ನಿಮ್ಮ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಗಲಿ.

ಇನ್ನು ಔಟ್‌ಲೈನ್. ಒಂದು ಸಾಲದು, ಎರಡಾದರೂ ಬೇಕು. ಎಲ್ಲಕ್ಕಿಂತ ಕೆಳಗೆ ದಪ್ಪನೆಯ ಗಾಢ ನೀಲಿ ಅಥವಾ ಕಪ್ಪು, ಅದರ ಮೇಲೆ ತೆಳ್ಳನೆಯ ಬಿಳಿ, ಅದರ ಮೇಲೆ ಅಕ್ಷರ. ಸೆಲೆಕ್ಷನ್ ಹಿಗ್ಗಿಸಿ ಬಣ್ಣ ತುಂಬುವುದು ಸುಲಭ, ಆದರೆ ಹಾಗೆ ಮಾಡಿದರೆ ಮೂಲೆಗಳು ದುಂಡಗಾಗುತ್ತವೆ. ಫೈಟಿಂಗ್ ಗೇಮ್ ಲೋಗೋಗೆ ದುಂಡು ಮೂಲೆ ಒಪ್ಪುವುದೇ ಇಲ್ಲ. ಅದಕ್ಕೆ ಪಾತ್‌ಗೆ ಸ್ಟ್ರೋಕ್ ಕೊಡಿ, ಅಂದರೆ ಅದರ ಗುಂಟ ಬಣ್ಣದ ಗೆರೆ ಎಳೆಯಿರಿ, ಜಾಯಿನ್ ಸ್ಟೈಲ್‌ನಲ್ಲಿ ಮೈಟರ್ (ಚೂಪು ಮೂಲೆ) ಆರಿಸಿ. ಸ್ಟ್ರೋಕ್ ಪಾತ್‌ನ ಎರಡೂ ಕಡೆ ಹರಡುತ್ತದೆ. 20 ಪಿಕ್ಸೆಲ್ ಕೊಟ್ಟರೆ ಹೊರಗೆ ಕಾಣುವುದು 10 ಮಾತ್ರ.

ಗ್ರೇಡಿಯಂಟ್ ಕೊನೆಗೆ. ಒಂದೊಂದು ಅಕ್ಷರಕ್ಕೆ ಬೇರೆ ಬೇರೆ ಹಾಕಬೇಡಿ, ಇಡೀ ಪದಕ್ಕೆ ಒಂದೇ ಸಲ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಪದವನ್ನು ಕಮಾನಿನಂತೆ ಬಗ್ಗಿಸುವ ಆಸೆ ಇದ್ದರೆ ಮೊದಲು ಬಣ್ಣ ತುಂಬಿ, ಆಮೇಲೆ ಬಗ್ಗಿಸಿ. ಆಗ ಬಣ್ಣವೂ ಅಕ್ಷರದ ಜೊತೆಗೇ ಬಾಗುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಅಕ್ಷರ ಮುಂದಕ್ಕೆ ಎದ್ದು ಬಂದಂತೆ ಕಾಣುವ ಆ ದಪ್ಪ ಬದಿ?

ಉತ್ತರ: ಜಿಂಪ್‌ನಲ್ಲಿ ಲಾಂಗ್ ಶ್ಯಾಡೋ ಅಂತ ಫಿಲ್ಟರ್ ಇದೆ, ಲೈಟ್ ಅಂಡ್ ಶ್ಯಾಡೋ ಪಟ್ಟಿಯಲ್ಲಿ. ಉದ್ದ ಕಡಿಮೆ ಮಾಡಿ, ಗಾಢ ಕೆಂಪು ಬಣ್ಣ ಕೊಡಿ. ಮಸುಕಾದ ಡ್ರಾಪ್ ಶ್ಯಾಡೋ ಮಾತ್ರ ಹಾಕಬೇಡಿ. ಅದು ಬಂದ ಕೂಡಲೇ ಲೋಗೋ ಇವತ್ತಿನದಾಗಿಬಿಡುತ್ತದೆ.

ಇನ್ನೊಬ್ಬರ ಪ್ರಶ್ನೆ: ನನಗೆ ಬೇಕಾಗಿರುವುದು ಹೊಳೆಯುವ ಕ್ರೋಮ್ ಅಕ್ಷರ. ಬೂದು ಮತ್ತು ಬಿಳಿ ಗ್ರೇಡಿಯಂಟ್ ಹಾಕಿದರೆ ಲೋಹದ ಥರ ಅನಿಸುವುದೇ ಇಲ್ಲ.

ಉತ್ತರ: ಕ್ರೋಮ್‌ಗೆ ತನ್ನದೇ ಬಣ್ಣ ಇಲ್ಲ, ಅಲ್ವಾ? ಎದುರಿಗೆ ಇರುವುದನ್ನು ತೋರಿಸುತ್ತದೆ ಅಷ್ಟೇ. ಏರ್‌ಬ್ರಷ್ ಕಲಾವಿದರು ಅದರಲ್ಲಿ ಆಕಾಶ ಮತ್ತು ನೆಲವನ್ನು ಬರೆಯುತ್ತಿದ್ದರು. ನೀವೂ ಅದನ್ನೇ ಮಾಡಿ. ತುದಿಯಲ್ಲಿ ಗಾಢ ನೀಲಿ, ಕೆಳಗೆ ಬರುತ್ತಾ ತಿಳಿ ನೀಲಿ, ದಿಗಂತದ ಹತ್ತಿರ ಹೆಚ್ಚುಕಡಿಮೆ ಬಿಳಿ. ಅಲ್ಲಿ ಥಟ್ಟನೆ ಕಡುಕಂದು. ಅಲ್ಲಿಂದ ಕೆಳಕ್ಕೆ ಕಂದು, ಹೊಂಬಣ್ಣ, ಕೆನೆಬಣ್ಣ. ಬಿಳಿ ಮತ್ತು ಕಡುಕಂದು ಸೇರುವ ಗೆರೆ ಕತ್ತರಿಸಿದಂತೆ ಇರಬೇಕು, ಒಂದರೊಳಗೊಂದು ಕರಗಬಾರದು. ಜಿಂಪ್‌ನ ಗ್ರೇಡಿಯಂಟ್‌ನಲ್ಲಿ ಒಂದೇ ಸ್ಟಾಪ್‌ಗೆ (ಬಣ್ಣ ಗೊತ್ತುಮಾಡುವ ಬಿಂದು) ಎಡಕ್ಕೊಂದು, ಬಲಕ್ಕೊಂದು ಬಣ್ಣ ಕೊಡಬಹುದು. ಆ ಗೆರೆ ಹಾಗೆ ಬರುತ್ತದೆ. ಅದನ್ನು ಸರಿಯಾಗಿ ನಡುವಿಗೆ ಇಡದೆ ಸ್ವಲ್ಪ ಕೆಳಗಿಡಿ, ಅದು ನನಗೆ ಹೆಚ್ಚು ಇಷ್ಟ.

ಮತ್ತೊಬ್ಬರ ಪ್ರಶ್ನೆ: ಫೋಟೋಶಾಪ್ ಇದ್ದರೆ ಇದೆಲ್ಲ ಬೇಗ ಆಗುತ್ತಾ?

ಉತ್ತರ: ಔಟ್‌ಲೈನ್ ಮತ್ತು ಬಣ್ಣ ಬೇಗ ಆಗುತ್ತದೆ. ಲೇಯರ್ ಸ್ಟೈಲ್‌ನಲ್ಲಿ ಸ್ಟ್ರೋಕ್ ಪಕ್ಕದ ಪ್ಲಸ್ ಒತ್ತಿದರೆ ಎರಡನೆಯದು, ಮೂರನೆಯದು ಸಿಗುತ್ತದೆ. ಆಕಾರದ ಕೆಲಸ ಮಾತ್ರ ಮೊದಲಿನಷ್ಟೇ ಇರುತ್ತದೆ.

ಇನ್ನೊಬ್ಬರ ಪ್ರಶ್ನೆ: ನನಗೆ ಪೋಸ್ಟರ್ ಲೋಗೋ ಬೇಡ, ಸೆಗಾ ಮೆಗಾ ಡ್ರೈವ್ ಅನ್ನೋ ಹಳೆಯ ಗೇಮ್ ಯಂತ್ರದ ಟೈಟಲ್ ಪರದೆಯಲ್ಲಿ ಕಾಣುವಂಥ ಪಿಕ್ಸೆಲ್ ಲೋಗೋ ಬೇಕು. ದೊಡ್ಡದಾಗಿ ಮಾಡಿ ಚಿಕ್ಕದು ಮಾಡಿದರೆ ಕಲಸಿಹೋಗುತ್ತದೆ.

ಉತ್ತರ: ಚಿಕ್ಕದರಲ್ಲೇ ಶುರು ಮಾಡಿ. 320 x 224 ಪಿಕ್ಸೆಲ್ ಕ್ಯಾನ್ವಾಸ್ ತೆರೆಯಿರಿ. 8 x 8ರ ಗ್ರಿಡ್ ಹಾಕಿ, ಯಾಕೆಂದರೆ ಆ ಯಂತ್ರ ಚಿತ್ರವನ್ನು ಅಷ್ಟಷ್ಟರ ಚೌಕಗಳಲ್ಲೇ ಜೋಡಿಸುತ್ತಿತ್ತು. ಬ್ರಷ್ ಬಿಟ್ಟು ಪೆನ್ಸಿಲ್ ಬಳಸಿ, ಆಂಟಿ ಅಲಿಯಾಸಿಂಗ್ (ಅಂಚು ನಯ ಮಾಡುವ ಆಯ್ಕೆ) ತೆಗೆದುಹಾಕಿ. ದೊಡ್ಡ ಲೋಗೋ ಇದ್ದರೆ ಕೆಳಗಿನ ಲೇಯರ್‌ನಲ್ಲಿ ಮಂಕಾಗಿಟ್ಟು ಮೇಲೆ ಕೈಯಿಂದ ಬರೆಯಿರಿ.

ಬಣ್ಣದಲ್ಲಿ ಜಿಪುಣತನ ಬೇಕು. ಮೆಗಾ ಡ್ರೈವ್‌ಗೆ ಗೊತ್ತಿದ್ದ ಬಣ್ಣಗಳು ಒಟ್ಟು 512. ಒಂದು ಪ್ಯಾಲೆಟ್‌ಗೆ (ಬಳಸುವ ಬಣ್ಣಗಳ ಪಟ್ಟಿ) 16 ಜಾಗ, ಅದರಲ್ಲಿ ಒಂದು ಪಾರದರ್ಶಕ. ಉಳಿದ 15ರಲ್ಲೇ ಔಟ್‌ಲೈನ್, ಹೊಳಪು, ಗ್ರೇಡಿಯಂಟ್ ಎಲ್ಲ ಮುಗಿಯಬೇಕು. ಆದ್ದರಿಂದ ಗ್ರೇಡಿಯಂಟ್ ಅಂದರೆ ಇಲ್ಲಿ ಐದಾರು ಅಡ್ಡ ಪಟ್ಟಿಗಳು. ಎರಡು ಪಟ್ಟಿ ಸೇರುವಲ್ಲಿ ಚದುರಂಗದ ಮಣೆಯಂತೆ ಪಿಕ್ಸೆಲ್ ಬಿಟ್ಟು ಪಿಕ್ಸೆಲ್ ಬಣ್ಣ ಹಾಕಿದರೆ ಅದು ಡಿದರಿಂಗ್. ಹಳೆಯ ಟಿವಿಗಳಲ್ಲಿ ಅದು ಮೆತ್ತಗೆ ಬೆರೆತು ಹೊಸ ಬಣ್ಣದಂತೆ ಕಾಣುತ್ತಿತ್ತು. ಈಗಿನ ಪರದೆಯಲ್ಲಿ ಚುಕ್ಕಿ ಚುಕ್ಕಿಯಾಗೇ ಕಾಣುತ್ತದೆ, ಅದಕ್ಕೆ ಹಿತಮಿತವಾಗಿ ಬಳಸಿ.

ಮುಗಿದ ಮೇಲೆ ದೊಡ್ಡದು ಮಾಡುವಾಗ ಇಂಟರ್‌ಪೊಲೇಷನ್ (ನಡುವಿನ ಬಣ್ಣ ತುಂಬುವ ವಿಧಾನ) ಜಾಗದಲ್ಲಿ None ಅಂತ ಇರುವುದನ್ನು ಆರಿಸಿ. 3 ಪಟ್ಟು, 4 ಪಟ್ಟು ಹೀಗೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸಿ. ಎರಡೂವರೆ ಪಟ್ಟು ಮಾಡಿದರೆ ಕೆಲವು ಚೌಕ ದೊಡ್ಡದು, ಕೆಲವು ಚಿಕ್ಕದು ಆಗುತ್ತವೆ. ಪಿಎನ್‌ಜಿಯಲ್ಲೇ ಸೇವ್ ಮಾಡಿ. ಜೆಪೆಗ್ ಆದರೆ ಅಂಚುಗಳ ಸುತ್ತ ಕೊಳೆ ಹಿಡಿದಂತೆ ಕಾಣುತ್ತದೆ.