ನಮ್ಮ ಚಾವಡಿಗೆ ಯಾವ ತಂತ್ರಾಂಶ?

ಮಂಗಳೂರಿನಲ್ಲಿ ಕನ್ನಡ ಎಂ.ಎ. ಓದಿದ ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕರಾವಳಿಯ ಪದಗಳನ್ನು ಸಂಗ್ರಹಿಸುವ ಕೆಲಸ ಮೂರು ವರ್ಷಗಳಿಂದ ನಡೆದಿದೆ. ಶುಭೋದಯದ ಚಿತ್ರಗಳ ಅಡಿಯಲ್ಲಿ ಆ ಪದಗಳು ಹೂತುಹೋಗುತ್ತಿವೆ ಎಂಬ ದೂರು ಬಂದದ್ದರಿಂದ, ಪ್ರತ್ಯೇಕ ಚರ್ಚಾವೇದಿಕೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಮೂಲ್ಕಿಯವರು ಅದಕ್ಕೆ ಒಂದು ಸಣ್ಣ ಕಂಪೆನಿಯ ದರಪಟ್ಟಿಯನ್ನು ತಂದು ಹಾಕಿದ ರಾತ್ರಿ ನಡೆದ ವಾದವನ್ನು, ಬರೆದವರ ಒಪ್ಪಿಗೆ ಪಡೆದು, ಇಲ್ಲಿ ಕೊಟ್ಟಿದ್ದೇನೆ. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವುದು ನಮ್ಮ ರೂಢಿ; ಬಿಜೈ ಎಂದರೆ ನಾನು. ಕನ್ನಡ ಮಾಷ್ಟ್ರುಗಳೇ ತುಂಬಿದ ಗುಂಪಾದ್ದರಿಂದ ಇಲ್ಲಿ ಜಗಳವೂ ಪೂರ್ಣವಿರಾಮ ಸಹಿತವೇ ನಡೆಯುತ್ತದೆ.

ಮೂಲ್ಕಿ (ರಾತ್ರಿ 8:05): ದರಪಟ್ಟಿಯನ್ನು ಮೇಲೆ ಹಾಕಿದ್ದೇನೆ, ದಯವಿಟ್ಟು ತೆರೆದು ಓದಿ. ಅವರು ತಮ್ಮದೇ ತಂತ್ರಾಂಶದಲ್ಲಿ ವೇದಿಕೆಯನ್ನು ಕಟ್ಟಿಕೊಡುತ್ತಾರೆ. ಮೊದಲ ವರ್ಷಕ್ಕೆ 45,000 ರೂಪಾಯಿ, ಆಮೇಲೆ ವರ್ಷಕ್ಕೆ 18,000 ರೂಪಾಯಿ. ಮೊಬೈಲ್ ಆ್ಯಪ್ ಕೂಡ ಅದರಲ್ಲೇ ಸೇರಿದೆ. ನಾಳೆ ಸಂಜೆಯೊಳಗೆ ಒಪ್ಪಿಗೆ ತಿಳಿಸಿದರೆ ಶೇಕಡಾ ಹತ್ತು ಕಡಿಮೆ ಮಾಡುತ್ತಾರಂತೆ.

ಕಾರ್ಕಳ (8:11): ನಾಳೆ ಸಂಜೆಯೊಳಗೆ ಎಂಬುದನ್ನು ಓದಿದಾಗ ನನಗೆ ಬಟ್ಟೆ ಅಂಗಡಿಗಳ ಆಟಿ ತಿಂಗಳ ಸೇಲ್ ನೆನಪಾಯಿತು.

ಪುತ್ತೂರು (8:24): ಮೂಲ್ಕಿಯವರೇ, ಪಟ್ಟಿಯನ್ನು ಎರಡು ಸಲ ಓದಿದೆ. ಇಪ್ಪತ್ತೆರಡು ಸೌಲಭ್ಯಗಳ ಹೆಸರು ಅದರಲ್ಲಿದೆ. ಆದರೆ ನಾವು ಬರೆದದ್ದನ್ನೆಲ್ಲ ಒಂದು ದಿನ ಗಂಟುಕಟ್ಟಿಕೊಂಡು ಹೊರಡುವುದಾದರೆ ಅದನ್ನು ಯಾವ ರೂಪದಲ್ಲಿ ಕೈಗೆ ಕೊಡುತ್ತಾರೆ ಎಂಬ ಒಂದೇ ಒಂದು ಸಾಲು ಎಲ್ಲಿಯೂ ಇಲ್ಲ. ಇಂಥ ತಂತ್ರಾಂಶವನ್ನು ಆರಿಸುವಾಗ ನಾನು ಮೊದಲು ಹುಡುಕುವುದು ಆ ಸಾಲನ್ನೇ. ಆರ್ಕುಟ್‌ನಂಥ ದೊಡ್ಡ ಸಾಮಾಜಿಕ ಜಾಲತಾಣವೇ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಹಾಗಿರುವಾಗ ನಾಲ್ಕೈದು ಜನರ ಕಚೇರಿಯೊಂದು ತಾನೇ ಬರೆದ ತಂತ್ರಾಂಶವನ್ನು ಇನ್ನು ಹತ್ತು ವರ್ಷ ಸಾಕುತ್ತದೆ ಎಂದು ನಂಬಿ ಕೂರುವುದು ಹೇಗೆ? ಮೂಲಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿರುವ ಎರಡನ್ನು ನಾನು ಸೂಚಿಸುತ್ತೇನೆ. ಒಂದು, 2000ನೇ ಇಸವಿಯಲ್ಲಿ ಹುಟ್ಟಿದ ಪಿಎಚ್‌ಪಿಬಿಬಿ. ಇನ್ನೊಂದು, ಜೆಫ್ ಆಟ್‌ವುಡ್ ಮತ್ತು ಜೊತೆಗಾರರು 2013ರಲ್ಲಿ ಹೊರತಂದ ಡಿಸ್ಕೋರ್ಸ್. ಎರಡೂ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಸಿಗುವುದರಿಂದ ತಂತ್ರಾಂಶಕ್ಕೆ ದುಡ್ಡಿಲ್ಲ, ಸರ್ವರಿನ ಬಾಡಿಗೆ ಮಾತ್ರ.

ಮೂಲ್ಕಿ (8:30): ದುಡ್ಡು ಕೊಡುವುದೇ ಅಪರಾಧ ಎಂಬಂತೆ ಬರೆಯುತ್ತೀರಲ್ಲ ಮಾರಾಯರೇ. ದುಡ್ಡು ಕೊಟ್ಟರೆ ಕೆಟ್ಟಾಗ ಕೇಳಲು ಒಬ್ಬರಾದರೂ ಇರುತ್ತಾರೆ.

ಪುತ್ತೂರು (8:37): ದುಡ್ಡು ಕೊಡುವುದಕ್ಕೆ ನನ್ನ ತಕರಾರಿಲ್ಲ. ವಿಬುಲೆಟಿನ್ ಎಂಬ ವೇದಿಕೆ ತಂತ್ರಾಂಶದ ಕಂಪೆನಿಯನ್ನು ಬಿಟ್ಟು ಹೊರಬಂದ ಕೆಲವರು 2010ರಲ್ಲಿ ಕ್ಸೆನ್‌ಫೋರೋ ಎಂಬುದನ್ನು ಶುರುಮಾಡಿದರು. ಹಳೆಯ ಯಜಮಾನರು ಹೂಡಿದ ದಾವೆ 2013ರವರೆಗೂ ನಡೆಯಿತು, ಅದು ಬೇರೆ ಕಥೆ. ಕ್ಸೆನ್‌ಫೋರೋವನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಆದರೆ ನಮ್ಮ ಸರ್ವರಿನಲ್ಲಿ ಹಾಕಿಕೊಂಡರೆ ಬರಹಗಳೆಲ್ಲ ನಮ್ಮದೇ ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ (ಡೇಟಾಬೇಸ್) ಉಳಿಯುತ್ತವೆ, ಬೇಕೆಂದಾಗ ಪ್ರತಿ ತೆಗೆಯಬಹುದು. ನಿಮ್ಮ ದರಪಟ್ಟಿಯವರಿಗೆ ಇದೊಂದೇ ಪ್ರಶ್ನೆ ಕಳುಹಿಸಿ ನೋಡಿ.

ಮೂಲ್ಕಿ (8:39): ಈಗಲೇ ಕಳುಹಿಸುತ್ತೇನೆ.

ಬಿಜೈ (8:52): ಪಿಎಚ್‌ಪಿಬಿಬಿಯ ಹೆಸರು ಬಂದದ್ದರಿಂದ ನನ್ನ ಹಳೆಯ ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. 2009ರಲ್ಲಿ ನಮ್ಮ ತಂಡದ ಅರವತ್ತು ಮಂದಿಗಾಗಿ ನಾನೇ ಅದನ್ನು ಹಾಕಿದ್ದೆ. ಒಂದು ವರ್ಷ ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಹೊಸ ಆವೃತ್ತಿ ಬಂದಾಗಲೆಲ್ಲ ನಾಳೆ ಮಾಡೋಣ ಎಂದುಕೊಂಡು ಬಿಟ್ಟದ್ದರಿಂದ, ಸದಸ್ಯರ ಪಟ್ಟಿಯಲ್ಲಿ ನಮ್ಮವರಿಗಿಂತ ಔಷಧಿ ಮಾರುವ ಪರದೇಶದ ಹೆಸರುಗಳೇ ಹೆಚ್ಚಾದವು. ಡೊಮೈನ್, ಎಂದರೆ ವೇದಿಕೆಯ ಜಾಲವಿಳಾಸ, ನನ್ನ ಸ್ವಂತ ಹೆಸರಿನಲ್ಲಿತ್ತು, ಅದರ ನವೀಕರಣದ ನೆನಪೋಲೆ ನಾನು ತೆರೆಯುವುದನ್ನೇ ಬಿಟ್ಟಿದ್ದ ಇಮೇಲ್‌ಗೆ ಹೋಗುತ್ತಿತ್ತು, ಮಗಳ ಮದುವೆಯ ಗಡಿಬಿಡಿಯಲ್ಲಿ ನೆನಪೋಲೆಯೂ ಡೊಮೈನೂ ಕೈತಪ್ಪಿದವು. ತಂತ್ರಾಂಶದ್ದು ಅದರಲ್ಲಿ ಏನೂ ತಪ್ಪಿರಲಿಲ್ಲ.

ಪುತ್ತೂರು (8:58): ನೀವೊಬ್ಬರೇ ಅಲ್ಲ ಸರ್. 2004ರ ಡಿಸೆಂಬರಿನಲ್ಲಿ ಸ್ಯಾಂಟಿ ಎಂಬ ಕಂಪ್ಯೂಟರ್ ಹುಳವು ಗೂಗಲ್‌ನಲ್ಲಿ ಹುಡುಕಿ ಹುಡುಕಿ ಪಿಎಚ್‌ಪಿಬಿಬಿ ವೇದಿಕೆಗಳನ್ನು ಕೆಡಿಸಿತು. ಆ ತೂತನ್ನು ಮುಚ್ಚಿದ 2.0.11 ಆವೃತ್ತಿ ಅದಕ್ಕೂ ಒಂದು ತಿಂಗಳು ಮೊದಲೇ ಬಂದಿತ್ತು. ಹಾಕಿಕೊಂಡವರು ಉಳಿದರು.

ಕುಂದಾಪುರ (9:15): ನಿಮ್ಮ ಸರ್ವರಿನ ಮಾತು ಮುಗಿದಿದ್ದರೆ ನನ್ನ ಪದಗಳ ಮಾತಿಗೆ ಬರೋಣವೇ? ಸಂಗ್ರಹದ ಹೊಣೆ ನನ್ನ ಮೇಲಿರುವುದರಿಂದ ಹೇಳುತ್ತಿದ್ದೇನೆ. ಬಲೆ ಕಟ್ಟುವವರ ಮಾತುಗಳ ಬಗ್ಗೆ ಮಲ್ಪೆಯಿಂದ ಬಂದ ವಿವರಣೆಯನ್ನು ಈ ಗುಂಪಿನಲ್ಲಿ ಮೂರು ಸಲ ಕೇಳಿದ್ದಾರೆ, ಮೂರು ಸಲವೂ ನಾನೇ ಮೇಲಕ್ಕೆ ಸರಿಸಿ ಸರಿಸಿ ಹುಡುಕಿ ಕೊಟ್ಟಿದ್ದೇನೆ. ಕಳೆದ ವರ್ಷ ಸೇರಿದವರಿಗಂತೂ ಅದು ಕಾಣುವುದೇ ಇಲ್ಲ. ನನಗೆ ಬೇಕಾದದ್ದು ಒಂದು ಪದಕ್ಕೆ ಒಂದು ಎಳೆ (ಪ್ರತ್ಯೇಕ ಚರ್ಚೆಯ ಪುಟ), ಆ ಎಳೆಗೆ ಊರು ಮತ್ತು ಕಸುಬಿನ ಪಟ್ಟಿ, ಮತ್ತು ಹತ್ತು ವರ್ಷದ ಮೇಲೆ ಬಂದವರೂ ಕನ್ನಡದಲ್ಲೇ ಹುಡುಕಿದರೆ ಸಿಗುವ ವ್ಯವಸ್ಥೆ. ಇಪ್ಪತ್ತೆರಡು ಸೌಲಭ್ಯಗಳಲ್ಲಿ ಕನ್ನಡದ ಹುಡುಕಾಟ ಎಂಬ ಮಾತಿದೆಯೇ? ನಾನು ಕಾಣಲಿಲ್ಲ.

ಪುತ್ತೂರು (9:41): ಅಕ್ಕ, ಇದು ನಿಜವಾಗಿ ಕಷ್ಟದ ಪ್ರಶ್ನೆ, ಆದ್ದರಿಂದ ಉದ್ದ ಬರೆಯುತ್ತೇನೆ. ಡಿಸ್ಕೋರ್ಸ್ ತನ್ನ ಹುಡುಕಾಟಕ್ಕೆ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯವನ್ನು ನೆಚ್ಚಿಕೊಂಡಿದೆ. ಪದದ ಪ್ರತ್ಯಯವನ್ನು ಕಳಚಿ ಮೂಲರೂಪವನ್ನು ಹಿಡಿಯುವ ನಿಯಮಗಳು ಅದರಲ್ಲಿ ತಮಿಳಿಗೂ ಹಿಂದಿಗೂ ಇವೆ, ಕನ್ನಡಕ್ಕೆ ಇಲ್ಲ. ಹಾಗಾಗಿ ಕಂಬಳ ಎಂದು ಹುಡುಕಿದರೆ, ಮೊದಲ ಅಕ್ಷರಗಳು ಕೂಡಿಬರುವುದರಿಂದ, ಕಂಬಳದ ಎಂಬುದೂ ಸಿಗಬಹುದು. ಕಾಡು ಎಂದು ಹುಡುಕಿದವರಿಗೆ ಕಾಡಿನಲ್ಲಿ ಎಂಬುದು ಸಿಗದು, ಏಕೆಂದರೆ ಉಕಾರ ಹೋಗಿ ಇಕಾರ ಬಂದಿರುತ್ತದೆ. ಇದು ಸಾಲದೆಂಬಂತೆ, ಕಣ್ಣಿಗೆ ಕಾಣದ ಕೆಲವು ಸಂಕೇತಗಳೂ ನಮ್ಮ ಬರವಣಿಗೆಯಲ್ಲಿ ಅಡಗಿವೆ. ಸಾಫ್ಟ್‌ವೇರ್ ಎಂಬುದರಲ್ಲಿ ವಕಾರವು ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದು ಅಂಥದ್ದೊಂದು ಸಂಕೇತ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಬರೆದರೆ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ನೀವು ಬೆರಳಚ್ಚು ಮಾಡಿಸಿದ ಕಡತಗಳನ್ನು ಎಲ್ಲ ಲಿಪಿಗಳಿಗೂ ಒಂದೇ ಸಂಕೇತಕ್ರಮವಾದ ಯುನಿಕೋಡಿಗೆ ಬದಲಿಸದೆ ಹಾಕಿದರಂತೂ ಅದಕ್ಕೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಪಿಎಚ್‌ಪಿಬಿಬಿಯೂ ಕನ್ನಡದ ವ್ಯಾಕರಣವನ್ನು ಬಲ್ಲದ್ದಲ್ಲ. ಆದ್ದರಿಂದ ಪ್ರತಿ ಎಳೆಯ ಶೀರ್ಷಿಕೆಯಲ್ಲಿ ಪದದ ಮೂಲರೂಪವನ್ನೇ ಬರೆಯಬೇಕೆಂಬ ನಿಯಮವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ, ಅದನ್ನು ಕಾಯುವವರು ನೀವೇ.

ಕುಂದಾಪುರ (9:46): ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಅದೇನು ದೊಡ್ಡ ಕೆಲಸವಲ್ಲ.

ಪುತ್ತೂರು (9:53): ಇನ್ನೊಂದು ಮಾತು. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೆ ಮೂರು ಬೈಟ್ ಸಾಕು, ಈ ಹೊಸ ಲಿಪಿಗೆ ನಾಲ್ಕು ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 ಎಂದು ಹೆಸರಿಟ್ಟದ್ದಕ್ಕೆ ಮೂರೇ ಬೈಟ್‌ಗಳ ಮಿತಿ ಇದ್ದದ್ದರಿಂದ 2010ರಲ್ಲಿ ಅದಕ್ಕೆ ಯುಟಿಎಫ್8ಎಂಬಿ4 ಎಂಬ ಇನ್ನೊಂದನ್ನು ಸೇರಿಸಬೇಕಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಈ ತೊಡಕಿಲ್ಲ. ಯಾವ ತಂತ್ರಾಂಶವನ್ನು ಆರಿಸಿದರೂ ಒಂದು ನಗೆಮುಖದ ಇಮೋಜಿಯನ್ನೂ ಒಂದು ತುಳು ಅಕ್ಷರವನ್ನೂ ಅಂಟಿಸಿ, ಉಳಿಸಿ, ಮತ್ತೆ ತೆರೆದು ನೋಡಿಯೇ ಮುಂದಿನ ಹೆಜ್ಜೆ ಇಡಬೇಕು.

ಕಾರ್ಕಳ (9:55): ತುಳು ಲಿಪಿ ಮೂಡುವುದಾದರೆ ನನ್ನ ಮತ ಪೋಸ್ಟ್‌ಗ್ರೆಸ್‌ಗೆ, ಅದು ಏನೆಂದು ಗೊತ್ತಿಲ್ಲದಿದ್ದರೂ.

ಉಡುಪಿ (10:02): ಇಷ್ಟು ಹೊತ್ತು ಓದುತ್ತಿದ್ದೆ. ಪುತ್ತೂರಿನವರ ಒಲವು ಡಿಸ್ಕೋರ್ಸ್ ಕಡೆಗಿದೆ ಎಂದು ಕಾಣುತ್ತದೆ, ಅದು ಚೆನ್ನಾಗಿಯೂ ಇರಬಹುದು. ನನ್ನ ಪ್ರಶ್ನೆ ಇಷ್ಟೇ: ನಾಳೆ ಪುತ್ತೂರಿನವರು ಕಂಪೆನಿಯ ಕೆಲಸಕ್ಕೆ ಎರಡು ವರ್ಷ ಹೊರದೇಶಕ್ಕೆ ಹೋದರೆ, ಮಳೆಗಾಲದ ಒಂದು ರಾತ್ರಿ ಅದು ನಿಂತುಹೋದರೆ, ಎಬ್ಬಿಸುವವರು ಯಾರು?

ಪುತ್ತೂರು (10:19): ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಡಿಸ್ಕೋರ್ಸ್ ಹಲವರು ಒಂದೇ ಸರ್ವರನ್ನು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಓಡುವುದಿಲ್ಲ. ಅದಕ್ಕೆ ಪ್ರತ್ಯೇಕ ಲಿನಕ್ಸ್ ಸರ್ವರ್, ಕನಿಷ್ಠ 1 ಜಿಬಿ, ನೆಮ್ಮದಿಗೆ 2 ಜಿಬಿ ಮೆಮೊರಿ, ತಂತ್ರಾಂಶವನ್ನು ಕಟ್ಟುಕಟ್ಟಿ ಓಡಿಸುವ ಡಾಕರ್, ಜೊತೆಗೆ ಇಮೇಲ್ ಕಳುಹಿಸುವ ಸೇವೆಯೊಂದು ಬೇಕು. ಇಮೇಲ್ ಸರಿಯಾಗಿ ಹೋಗದಿದ್ದರೆ ಸದಸ್ಯರಿಗೆ ಒಳಬರುವುದಕ್ಕೇ ಆಗದು. ಪ್ರತಿಯಾಗಿ ಅದು ಕೊಡುವುದೂ ಹೆಚ್ಚು: ಬಂದ ಇಮೇಲ್‌ಗೆ ಅಲ್ಲಿಂದಲೇ ಉತ್ತರ ಬರೆದರೆ ಅದು ಎಳೆಯಲ್ಲಿ ಸೇರುತ್ತದೆ; ಸದಸ್ಯರು ಓದಿದಂತೆ, ಬರೆದಂತೆ ಸೊನ್ನೆಯಿಂದ ನಾಲ್ಕರವರೆಗಿನ ವಿಶ್ವಾಸದ ಮೆಟ್ಟಿಲುಗಳಿದ್ದು, ಹೊಸಬರ ಕೈಗೆ ಎಲ್ಲವನ್ನೂ ಒಮ್ಮೆಲೇ ಕೊಡುವುದಿಲ್ಲ. ಪಿಎಚ್‌ಪಿಬಿಬಿಯಾದರೋ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ದತ್ತಸಂಚಯ ಇರುವ ಯಾವ ಸಾಮಾನ್ಯ ಹೋಸ್ಟಿಂಗ್‌ನಲ್ಲೂ ನಡೆಯುತ್ತದೆ, ಮಂಗಳೂರಿನಲ್ಲಿ ಅದನ್ನು ಬಲ್ಲ ಹುಡುಗರು ಬೇಕಾದಷ್ಟಿದ್ದಾರೆ. ನೋಡಲು ಹಳತು, ನಿಜ. ನಾನೊಬ್ಬನೇ ಇದ್ದರೆ ಡಿಸ್ಕೋರ್ಸ್ ಹಾಕುತ್ತಿದ್ದೆ. ನಾನು ಇರದೆಯೂ ಇರಬಹುದು ಎಂದು ನೀವು ಹೇಳುತ್ತಿರುವುದರಿಂದ ಯೋಚಿಸುವಂತಾಯಿತು.

ಬಿಜೈ (10:25): ಮೊದಲು ಪಿಎಚ್‌ಪಿಬಿಬಿ ಹಾಕಿ, ಆಮೇಲೆ ಬದಲಿಸಿಕೊಳ್ಳಲು ಬರುತ್ತದೆಯೇ?

ಪುತ್ತೂರು (10:29): ಬರುತ್ತದೆ. ಪಿಎಚ್‌ಪಿಬಿಬಿಯ ಎಳೆಗಳನ್ನೂ ಸದಸ್ಯರನ್ನೂ ಡಿಸ್ಕೋರ್ಸ್‌ಗೆ ಸಾಗಿಸುವ ಸಿದ್ಧ ಸ್ಕ್ರಿಪ್ಟ್ ಡಿಸ್ಕೋರ್ಸ್‌ನ ಜೊತೆಗೇ ಬರುತ್ತದೆ. ಹಿಂದಿರುಗುವ ದಾರಿ ಅಷ್ಟು ಸಲೀಸಲ್ಲ.

ಉಡುಪಿ (10:31): ಹಾಗಿದ್ದರೆ ನನಗೆ ಉತ್ತರ ಸಿಕ್ಕಿತು. ಡೊಮೈನ್ ಸಂಘದ ಹೆಸರಿನಲ್ಲಿರಲಿ, ಗುಪ್ತಪದ ಮೂವರ ಬಳಿ ಇರಲಿ, ಬ್ಯಾಕಪ್ಪಿನ ಒಂದು ಪ್ರತಿ ಪ್ರತಿ ತಿಂಗಳೂ ನನ್ನ ಮನೆಗೆ ಬರಲಿ. ಬಿಜೈಯವರ ಇಮೇಲ್ ಒಂದನ್ನು ಬಿಟ್ಟು ಬೇರೆ ಯಾವುದಾದರೂ ಆಗಬಹುದು.

(ಇದನ್ನು ನಾನು ಅಳಿಸಬಹುದಿತ್ತು. ಅಳಿಸಲಿಲ್ಲ.)

ಕಾರ್ಕಳ (10:38): ಔಷಧಿ ಮಾರುವವರನ್ನು ತಡೆಯುವುದು ಹೇಗೆ?

ಪುತ್ತೂರು (10:41): ನೋಂದಣಿಯ ಹೊತ್ತಿಗೆ ನಾವೇ ಬರೆದ ಪ್ರಶ್ನೆಯನ್ನು ಕೇಳುವ ಏರ್ಪಾಡು ಪಿಎಚ್‌ಪಿಬಿಬಿಯಲ್ಲಿದೆ. ಗೋಳಿಬಜೆಯನ್ನು ಯಾವ ಹಿಟ್ಟಿನಿಂದ ಮಾಡುತ್ತಾರೆ ಎಂದು ಕನ್ನಡದಲ್ಲಿ ಕೇಳಿದರೆ ಆಯಿತು.

ಕುಂದಾಪುರ (10:43): ಮೈದಾ ಎಂದು ದೀರ್ಘ ಕೊಟ್ಟು ಬರೆದವರೂ ಮೈದ ಎಂದು ಬಿಟ್ಟು ಬರೆದವರೂ ನಮ್ಮಲ್ಲೇ ಇದ್ದಾರೆ.

ಪುತ್ತೂರು (10:44): ಒಂದು ಪ್ರಶ್ನೆಗೆ ಹಲವು ಉತ್ತರಗಳನ್ನು ಒಪ್ಪಿಕೊಳ್ಳುವಂತೆ ಮಾಡಬಹುದು ಅಕ್ಕ. ಶನಿವಾರ ಎರಡು ತಂತ್ರಾಂಶಗಳನ್ನೂ ಹಾಕಿ ಕೊಂಡಿ ಕಳುಹಿಸುತ್ತೇನೆ. ನೀವು ಇಪ್ಪತ್ತು ಪದಗಳನ್ನು ಕೊಡಿ, ಹುಡುಕಿ ನೋಡೋಣ.

ಮೂಲ್ಕಿ (10:57): ದರಪಟ್ಟಿಯವರಿಂದ ಉತ್ತರ ಬಂತು. ದತ್ತಸಂಚಯದ ಪ್ರತಿಯನ್ನು ಕೊಡುವ ಪದ್ಧತಿ ತಮ್ಮಲ್ಲಿಲ್ಲ, ಬಿಟ್ಟುಹೋಗುವಾಗ ಬೇಕಾದರೆ ಎಲ್ಲವನ್ನೂ ಪಿಡಿಎಫ್ ಮಾಡಿ ಕೊಡುತ್ತೇವೆ, ಅದಕ್ಕೆ ಪುಟಕ್ಕಿಷ್ಟು ಎಂದು ಬೇರೆ ಶುಲ್ಕವಿದೆ ಎಂದು ಬರೆದಿದ್ದಾರೆ.

ಕುಂದಾಪುರ (10:58): ಪುಟಕ್ಕೆಷ್ಟು?

ಮೂಲ್ಕಿ (11:03): ಅದನ್ನು ನಾನು ಕೇಳಲಿಲ್ಲ. ನಾಳೆ ಸಂಜೆಯ ರಿಯಾಯಿತಿ ಅವರಲ್ಲಿಯೇ ಉಳಿಯಲಿ ಎಂದು ತಿಳಿಸಿ ಫೋನ್ ಇಟ್ಟೆ. ಗುಪ್ತಪದ ಇಟ್ಟುಕೊಳ್ಳುವ ಮೂವರಲ್ಲಿ ನನ್ನ ಹೆಸರನ್ನೂ ಸೇರಿಸಿ.